ಕನ್ನಡಕ ಬಂದರೆ ಕನ್ನಡ ಫಲಕ ಬೇಡವೆ?

ಅಮೆರಿಕದ ಮೆಟಾ ಕಂಪೆನಿಯು 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮಾರುಕಟ್ಟೆಗೆ ಬಿಟ್ಟ ಕನ್ನಡಕವು ಬರೇ ನೋಟ ತಿದ್ದುವ ಕನ್ನಡಕವಲ್ಲ. ಎದುರಿನ ದೃಶ್ಯದ ಮೇಲೆ ಅಕ್ಷರಗಳನ್ನು ತೇಲಿಸಿ ತೋರಿಸುವ ಯಂತ್ರವದು. ಪರಭಾಷೆಯ ಮಾತನ್ನು ಅನುವಾದಿಸಿ ಕಣ್ಣೆದುರು ಬರೆದು ತೋರಿಸಲೂ ಅದಕ್ಕೆ ಸಾಧ್ಯ. ಹೀಗಿರುವಾಗ, ಎರಡು ಭಾಷೆಯ ಫಲಕ, ಅರ್ಜಿ ನಮೂನೆಗಳ ಖರ್ಚು ಇನ್ನೇಕೆ ಎಂದು ನಾಳೆ ಯಾರಾದರೂ ಕೇಳಿಯಾರು. ಗಡಿನಾಡಿನವರು ಉತ್ತರವನ್ನು ಈಗಲೇ ಸಿದ್ಧಪಡಿಸಿಕೊಳ್ಳುವುದೊಳಿತು.

ಈ ಪ್ರಶ್ನೆ ಕಾಸರಗೋಡಿನದು ಮಾತ್ರವಲ್ಲ. ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರಗಳದ್ದೂ ಹೌದು. ಹಿಂದಿನ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದ ನಿಲಂಗಾ, ಉದಗೀರ ತಾಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾವೂ ಹೋಯಿತು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ದೊರೆತಿರುವ ಆ ಸೀಮೆಯಲ್ಲಿ ಇಂದು ಕಚೇರಿಯ ಬರಹ ಮರಾಠಿ. ಗಡಿಯ ಎಷ್ಟೋ ಮನೆಗಳ ಮಾತು ಕನ್ನಡ.

ಹೊಸ ಕನ್ನಡಕದ ಮರ್ಮವೇನು? ಕಣ್ಣಿಗೆ ಒಂದಂಗುಲ ದೂರದಲ್ಲಿರುವ ಬರಹವನ್ನು ನಾವು ಓದಲಾರೆವು. ಆದುದರಿಂದ ಕನ್ನಡಕದ ಕಡ್ಡಿಯಲ್ಲಡಗಿಸಿದ ಪುಟ್ಟ ಪ್ರೊಜೆಕ್ಟರಿನ ಬೆಳಕನ್ನು ಮಸೂರದಿಂದ ಸಮಾಂತರ ಕಿರಣಗಳಾಗಿಸಿ ಗಾಜಿನೊಳಗೆ ಓರೆಯಾಗಿ ಹಾಯಿಸುತ್ತಾರೆ. ಆ ಬೆಳಕು ಗಾಜಿನ ಎರಡೂ ಮೈಗಳಿಗೆ ಬಡಿದು ಪುಟಿಯುತ್ತ, ಹೊರಬೀಳದೆ ಸಾಗುತ್ತದೆ. ಶಾಲೆಯಲ್ಲಿ ಕಲಿತ ಪೂರ್ಣ ಆಂತರಿಕ ಪ್ರತಿಫಲನವೆಂದರೆ ಇದೇ. ಕಣ್ಣಿನ ನೇರಕ್ಕೆ ಬಂದಾಗ ಗಾಜಿನೊಳಗಿನ ಅರೆಪಾರದರ್ಶಕ ಕನ್ನಡಿಗಳು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಕಣ್ಣಿಗೆ ತಿರುಗಿಸುತ್ತವೆ. ಬರಹವು ದೂರದಲ್ಲಿದ್ದಂತೆ ಕಾಣುತ್ತದೆ. ಹಿಂದಿನ ದೃಶ್ಯವೂ ಮರೆಯಾಗದು.

ಮಿತಿಗಳೂ ಇಲ್ಲೇ ಇವೆ. ಈ ಪರದೆ ಬಲಗಣ್ಣಿಗೆ ಮಾತ್ರ; ಹರವು 20 ಡಿಗ್ರಿ; ಡಿಗ್ರಿಯೊಂದಕ್ಕೆ 42 ಚುಕ್ಕೆ. ಒಳ್ಳೆಯ ಕಣ್ಣು ಸುಮಾರು 60 ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲುದು. ಇಂಗ್ಲಿಷಿಗೆ ಇಷ್ಟು ಸಾಕಾದೀತು. ಒತ್ತಕ್ಷರಗಳು ಕೆಳಗಿಳಿಯುವ ಕನ್ನಡವನ್ನು ಸ್ಪಷ್ಟವಾಗಿ ಓದಬೇಕಾದರೆ ಅಕ್ಷರ ದೊಡ್ಡದಿರಬೇಕು. ಆಗ ಪರದೆಯಲ್ಲಿ ಹಿಡಿಸುವ ಮಾತು ಕಡಿಮೆ. ಆರಂಭದಲ್ಲಿ ಅದು ಅನುವಾದಕ್ಕೆ ಆರಿಸಿಕೊಂಡದ್ದೂ ಐರೋಪ್ಯ ಭಾಷೆಗಳನ್ನೇ. ಬೆಲೆಯೋ 799 ಡಾಲರ್, ಅಂದರೆ ಸುಮಾರು 70 ಸಾವಿರ ರೂಪಾಯಿ.

ಹಣವುಳ್ಳವನ ಮೂಗಿನ ಮೇಲಿನ ಗಾಜು ಸಾರ್ವಜನಿಕ ಫಲಕಕ್ಕೆ ಬದಲಿಯಾಗದು. ಭಾಷಾ ಅಲ್ಪಸಂಖ್ಯಾತರು ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚಿರುವ ಜಿಲ್ಲೆ, ತಾಲೂಕುಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂಬುದು ಒಪ್ಪಿತವಾದ ರಕ್ಷಣೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯಿದೆ. ಇವು ಸರಕಾರದ ಹೊಣೆ. ಪ್ರಜೆ ಅಂಗಡಿಯಲ್ಲಿ ಕೊಳ್ಳಬೇಕಾದ ಸೌಕರ್ಯಗಳಲ್ಲ.

ಇದರರ್ಥ ಯಂತ್ರವನ್ನು ದೂರವಿಡಬೇಕೆಂದಲ್ಲ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಭಾಷಿಣಿ ಅನುವಾದ ವ್ಯವಸ್ಥೆಯಲ್ಲಿ ಕನ್ನಡ, ಮರಾಠಿ, ಮಲಯಾಳಗಳು ಮೂರೂ ಇವೆ. ಅದರ ಪ್ರಯೋಜನ ಮೊದಲು ತಾಲೂಕು ಕಚೇರಿಯಲ್ಲಿ ದೊರೆಯಲಿ. ಉದಗೀರದ ಕನ್ನಡಿಗನಿಗೆ ನಮೂನೆಯನ್ನು ಕನ್ನಡದಲ್ಲಿ ಮುದ್ರಿಸಿ ಕೊಡಲಿ, ಮಂಜೇಶ್ವರದವನಿಗೂ ಕೊಡಲಿ. ಕನ್ನಡಕ ಬರುವಾಗ ಬರಲಿ. ಅದಿಲ್ಲದವನಿಗೂ ಓದಲು ಸಿಗುವ ಕನ್ನಡ ಫಲಕ ಕಚೇರಿಯ ಬಾಗಿಲಲ್ಲಿರಲಿ.