ಫೋನ್ ನಮ್ಮದು, ಪರ್ಸ್ ಯಾರದ್ದು?

ದುಡ್ಡು ಕೊಟ್ಟು ಫೋನ್ ತೆಗೊಂಡವರು ನಾವು. ಅದರಲ್ಲಿ ಯಾವ ಪೇಮೆಂಟ್ ಆ್ಯಪ್ ಇರಬೇಕೆಂದು ಹೇಳುವವರು ಸಿಮ್ ಕಂಪೆನಿಯವರಾ? ಅಮೆರಿಕದಲ್ಲಿ 2011ರಲ್ಲಿ ಹಾಗೇ ಆಯಿತು. ಗ್ಯಾಲಕ್ಸಿ ನೆಕ್ಸಸ್ ಫೋನಿಗೆ ಗೂಗಲ್ ವಾಲೆಟ್ ಬರಲು ವೆರಿಝೋನ್ ಬಿಡಲಿಲ್ಲ. ಫೋನಿನೊಳಗಿನ ಭದ್ರತಾ ಚಿಪ್ ಮುಟ್ಟುವ ಆ್ಯಪ್ ಅದು, ಬೇರೆಯವುಗಳಂತಲ್ಲ ಎಂಬುದು ಅವರ ಸಮಜಾಯಿಷಿ. ಚಿಪ್ಪಿನ ಮಾತು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ವೆರಿಝೋನ್, ಎಟಿ ಆ್ಯಂಡ್ ಟಿ, ಟಿ-ಮೊಬೈಲ್ ಮೂವರೂ ಸೇರಿ ಐಸಿಸ್ ಎಂಬ ತಮ್ಮದೇ ವಾಲೆಟ್ ಕಟ್ಟುತ್ತಿದ್ದರಲ್ಲ! (ಹೆಸರಿನ ಗ್ರಹಚಾರ, 2014ರಲ್ಲಿ ಅದನ್ನು ಸಾಫ್ಟ್‌ಕಾರ್ಡ್ ಎಂದು ಬದಲಿಸಬೇಕಾಯಿತು.) ಗ್ರಾಹಕರಿಗೆ ಸಿಟ್ಟು ಬಂದದ್ದು ಅದಕ್ಕೇ. 2015ರಲ್ಲಿ ಸಾಫ್ಟ್‌ಕಾರ್ಡ್ ಮುಚ್ಚಿತು; ಅದರ ತಂತ್ರಜ್ಞಾನ ಖರೀದಿಸಿದ್ದು ಗೂಗಲೇ.

ಗಲ್ಫಿನಲ್ಲಿರುವ ನಮಗೆ ಇದು ದೂರದ ಕಥೆಯಲ್ಲ. ಕತಾರಿನ ಊರೀಡೂ ಮನಿ, ಸೌದಿಯ ಎಸ್‌ಟಿಸಿ ಪೇ ಶುರು ಮಾಡಿದವರೂ ಫೋನ್ ಕಂಪೆನಿಗಳೇ. ಅವರು ಯಾರನ್ನೋ ತಡೆದರು ಎಂದು ನಾವು ಹೇಳುತ್ತಿಲ್ಲ. ಶುಕ್ರವಾರ ಎಕ್ಸ್‌ಚೇಂಜಿನ ಮುಂದೆ ಕ್ಯೂ ನಿಲ್ಲುವ ಕಷ್ಟ ತಪ್ಪಿದ್ದೂ ಹೌದು. ಆದರೆ ನಂಬರ್ ಮತ್ತು ಹಣ ಒಂದೇ ಕೈಯಲ್ಲಿದ್ದರೆ ಲೆಕ್ಕ ನೋಡುವ ನಮ್ಮಂಥವರಿಗೆ ಸಮಾಧಾನವಿಲ್ಲ. ರೇಟು, ಚಾರ್ಜು ಹೋಲಿಸಲು ಬೇರೆ ಕಂಪೆನಿಯ ಆ್ಯಪ್ ಕೂಡ ಫೋನಿನಲ್ಲಿರಲಿ. ಕ್ಯಾನ್ಸಲ್ ಮಾಡಿ ಊರಿಗೆ ಹೊರಟವರು ಸಿಮ್ ಬಂದ್ ಆಗುವ ಮೊದಲೇ ವಾಲೆಟಿನಲ್ಲಿರುವ ಹಣ ಮನೆಗೆ ಕಳಿಸಿಬಿಡಿ. ಓಟಿಪಿ ಬರುವುದು ಆ ನಂಬರಿಗೇ ಅಲ್ವಾ?