ಹಳದಿ ಹೂವಿಗೆ ಮರುಳಾದವರು ನಾವು

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಕಾಸರಗೋಡಿನಿಂದ ವಯನಾಡಿಗೆ ಹೋಗಿದ್ದೆವು. ಮಾನಂತವಾಡಿ, ಕಾಟ್ಟಿಕುಳಂ ದಾಟಿ ಕುಟ್ಟದ ರಸ್ತೆಯಲ್ಲಿ ತೋಲ್ಪೆಟ್ಟಿ ಹತ್ತಿರವಾಗುತ್ತಿದ್ದ ಹಾಗೆ ಬಸ್ಸಿನಲ್ಲಿ ಒಮ್ಮೆಲೇ ಗಲಾಟೆ. ಕಾಡಿನ ಅಂಚೆಲ್ಲ ಹಳದಿ! "ಮಾಷ್ಟ್ರೇ, ವಿಷುಕಣಿಯ ಹೂ!" ಎಂದು ಮಕ್ಕಳು ಕಿಟಕಿಗೆ ಮುಗಿಬಿದ್ದರು. ನಾವೂ ಕಡಿಮೆಯೇನಲ್ಲ, ಮೊಬೈಲ್ ಹಿಡಿದು ಫೋಟೋ ತೆಗೆದದ್ದೇ ತೆಗೆದದ್ದು.

ಅಭಯಾರಣ್ಯದ ಗೇಟಿನಲ್ಲಿದ್ದ ವಾಚರ್ ಅಣ್ಣ ನಮ್ಮ ಸಂಭ್ರಮ ನೋಡಿ ನಕ್ಕರು. ಅವರು ಕಾಟ್ಟುನಾಯ್ಕ ಸಮುದಾಯದವರು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಮಕ್ಕಳಿಗೆ ಮುಕ್ಕಾಲು ಪಾಲು ಹಾಗೆಯೇ ಅರ್ಥವಾಯಿತು. ಇದು ಕಣಿಕೊನ್ನವಲ್ಲ, ರಾಕ್ಷಸಕೊನ್ನ ಎಂದರು. ನಮ್ಮ ಕಕ್ಕೆ ಮರದ ದೂರದ ನೆಂಟ ಅಷ್ಟೇ. ಇದರ ಊರು ಅಮೆರಿಕದ ಉಷ್ಣವಲಯ, ಶಾಸ್ತ್ರೀಯ ಹೆಸರು ಸೆನ್ನಾ ಸ್ಪೆಕ್ಟಾಬಿಲಿಸ್. ಮಲಯಾಳದಲ್ಲಿ 'ಕೊನ್ನ' ಎಂದರೆ ಮರದ ಹೆಸರೂ ಹೌದು, 'ಕೊಂದ' ಎಂಬ ಅರ್ಥವೂ ಹೌದು. ಈ ಮರಕ್ಕೆ ಎರಡೂ ಸಲ್ಲುತ್ತದೆ.

ಆಗ ಒಬ್ಬಳು ಹುಡುಗಿ ಕೇಳಿದಳು, "ಹಾಗಾದ್ರೆ ಇದನ್ನ ಇಲ್ಲಿ ನೆಟ್ಟದ್ದು ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ಉತ್ತರ ಗೊತ್ತಿತ್ತು. ಹೇಳುವುದಕ್ಕೆ ನಾಚಿಕೆ ಅಷ್ಟೇ. ನೆಟ್ಟದ್ದು ಕಾಡು ಕಾಯಬೇಕಾದ ಇಲಾಖೆಯೇ! 1980ರ ದಶಕದಲ್ಲಿ, ಸಾಮಾಜಿಕ ಅರಣ್ಯದ ಭರಾಟೆಯಲ್ಲಿ, ಇದೇ ಅಭಯಾರಣ್ಯದ ಮುತ್ತಂಗ ಕಡೆ ನೆರಳಿಗೂ ಅಂದಕ್ಕೂ ಎಂದು ನೆಟ್ಟ ಸಾಲುಮರ ಇದು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ನೀರು ಹಾಕಬೇಕಾಗಿಲ್ಲ. ನೆಡುವವರಿಗೆ ಇನ್ನೇನು ಬೇಕು? ಆದರೆ ಆಗ ಗುಣವೆಂದು ಎಣಿಸಿದ್ದೇ ಈಗ ರೋಗವಾಗಿದೆ. ಬೇಗ ಬೆಳೆದದ್ದು ಬೇಗ ಹರಡಿತು. ದನ ತಿನ್ನದ್ದನ್ನು ಜಿಂಕೆಯೂ ತಿನ್ನಲಿಲ್ಲ, ಕಾಟಿಯೂ ತಿನ್ನಲಿಲ್ಲ. 344 ಚದರ ಕಿಲೋಮೀಟರಿನ ವಯನಾಡ್ ಅಭಯಾರಣ್ಯದಲ್ಲಿ ಹಬ್ಬಿ, ಗಡಿ ದಾಟಿ ಬಂಡೀಪುರ, ನಾಗರಹೊಳೆ, ಮುದುಮಲೆಗೂ ಹೋಗಿದೆ. ಅದರ ದಟ್ಟ ನೆರಳಿನಡಿ ಹುಲ್ಲು ಏಳುವುದಿಲ್ಲ, ಊರಿನ ಮರದ ಸಸಿ ಮೇಲೆ ಬರುವುದಿಲ್ಲ. ಬಿಸಿಲು ಬೀಳುವ ಕಡೆ ಲಂಟಾನ ಇದ್ದೇ ಇದೆ. ಅದೂ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಗಿಡವೆಂದು ಬಂದದ್ದೇ. ನೆರಳಿಗೊಂದು, ಬಿಸಿಲಿಗೊಂದು. ಕಾಡಿನ ಪ್ರಾಣಿಗೆ ಉಳಿದದ್ದೇನು?

"ಹಸಿರಿದೆಯಲ್ಲ, ಮಣ್ಣು ಹಿಡಿಯುತ್ತದಲ್ಲ, ಮತ್ತೇನು ತೊಂದರೆ?" ಎಂದು ಕೇಳುವವರು ಈಗಲೂ ಇದ್ದಾರೆ. ಅವರಿಗೆ ನಾವು ಹೇಳುವುದು ಇಷ್ಟೆ: ಊಟದ ಎಲೆಯೂ ಹಸಿರಾಗಿಯೇ ಇರುತ್ತದೆ, ಬಡಿಸದಿದ್ದರೆ ಹೊಟ್ಟೆ ತುಂಬುವುದಿಲ್ಲ. ಹುಲ್ಲಿಲ್ಲದ ಹಸಿರು ಆನೆಗೆ ಬರಿದಾದ ಎಲೆ. ಕಾಡಿನಲ್ಲಿ ಮೇವು ಕಡಿಮೆಯಾದ ಹಾಗೆ ಪಕ್ಕದಲ್ಲೇ ಇರುವ ಬಾಳೆ, ಭತ್ತ, ಹಲಸಿನ ಆಸೆ ಹೆಚ್ಚುತ್ತದೆ.

2024ರ ಫೆಬ್ರವರಿಯಲ್ಲಿ ಮಾನಂತವಾಡಿ ಹತ್ತಿರ ಬೇಲೂರು ಮಖ್ನಾ ಎಂಬ ಆನೆ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಕರ್ನಾಟಕದಲ್ಲಿ ಹಿಡಿದು ರೇಡಿಯೋ ಕಾಲರ್ ಹಾಕಿ ಬಿಟ್ಟಿದ್ದ ಆನೆ ಅದು. ಆ ಸಾವಿಗೆ ಈ ಮರವೇ ಕಾರಣ ಎಂದು ನಾವು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಆದರೆ ಆಗ ಎದ್ದ ಮಾತು ನೆನಪಿಸಿಕೊಳ್ಳಿ. ಇಲ್ಲಿಯವರು "ಅದು ಕರ್ನಾಟಕದ ಆನೆ" ಎಂದರು. ಹಾಗಾದರೆ ಬಂಡೀಪುರದಲ್ಲಿ ಹೂ ಬಿಟ್ಟಿರುವ ರಾಕ್ಷಸಕೊನ್ನ ಕೇರಳದ ಮರವೇ? ಆನೆಗೂ ಬೀಜಕ್ಕೂ ರೇಶನ್ ಕಾರ್ಡ್ ಇಲ್ಲ ಸ್ವಾಮೀ! 1956ರಲ್ಲಿ ಎಳೆದ ಗೆರೆಯ ಈಚೆ ಕೂತು ಕನ್ನಡ ಕಲಿಸುವ ನಮಗೆ ಗೆರೆಯ ಕಷ್ಟ ಗೊತ್ತು. ಕಾಡಿಗೂ ಅದೇ ಗೆರೆ ಎಳೆದರೆ ಹೇಗೆ? ಅದೇ ವರ್ಷ ಮಾರ್ಚ್‌ನಲ್ಲಿ ಬಂಡೀಪುರದಲ್ಲಿ ರಾಜ್ಯಗಳ ಅರಣ್ಯ ಸಚಿವರು ಒಟ್ಟಿಗೆ ಕೂತರು, ಒಪ್ಪಂದಕ್ಕೆ ಸಹಿಯೂ ಬಿತ್ತು. ಒಳ್ಳೆಯದು. ಆನೆಗಾಗಿ ಒಟ್ಟಿಗೆ ಕೂರುವವರು ಈ ಮರಕ್ಕಾಗಿಯೂ ಕೂರಲಿ. ಒಂದು ಕಡೆ ಕಿತ್ತು ಇನ್ನೊಂದು ಕಡೆ ಬಿಟ್ಟರೆ ಬೀಜ ಮತ್ತೆ ಬರುತ್ತದೆ.

ಕೀಳುವುದೂ ಸುಲಭವಲ್ಲ. ಈ ಮರವನ್ನು ಬರೇ ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತದೆ. ಸಣ್ಣದನ್ನು ಬೇರು ಸಮೇತ ಕೀಳಬೇಕು. ದೊಡ್ಡದರ ತೊಗಟೆಯನ್ನು ಎದೆಮಟ್ಟದಿಂದ ಬುಡದವರೆಗೆ ಸುಲಿದು, ನಿಂತಲ್ಲೇ ಒಣಗಲು ಬಿಡಬೇಕು. ಆಮೇಲೆ ಮೂಡುವ ಚಿಗುರನ್ನು, ಬೀಜದಿಂದೆದ್ದ ಸಸಿಯನ್ನು ವರ್ಷ ವರ್ಷ ಕಿತ್ತು ತೆಗೆಯಬೇಕು. ಕಡಿದ ಮರವನ್ನು ಕಾಗದದ ಕಾರ್ಖಾನೆಗೆ ಕೊಡುವ ಏರ್ಪಾಡನ್ನು ತಮಿಳುನಾಡೂ ಮಾಡಿತು, ಕೇರಳವೂ ಮಾಡಿತು. ಮಾರಲಿ, ಬೇಡವೆನ್ನುವುದಿಲ್ಲ. ಆದರೆ ಲಾರಿ ಹೋದ ಮೇಲೆ ಅಲ್ಲಿ ಉಳಿಯುವವರು ಯಾರು? ಟನ್ನಿನ ಲೆಕ್ಕ ಬರೆಯುವವರು ಚಿಗುರಿನ ಲೆಕ್ಕವನ್ನೂ ಬರೆಯಬೇಕು. ಆ ಕೆಲಸ ತಿಳಿದವರು ಕಾಡಿನಲ್ಲೇ ಇದ್ದಾರೆ. ಕಾಟ್ಟುನಾಯ್ಕರಿಗೆ, ಅಡಿಯರಿಗೆ, ಪಣಿಯರಿಗೆ ಒಂದು ತಿಂಗಳ ಕೂಲಿಯಲ್ಲ, ಹತ್ತು ವರ್ಷದ ಕೆಲಸ ಕೊಡಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದಿಂದ ಕುರ್ಚಿ, ಮೇಜು ಮಾಡಿ ತೋರಿಸಿದ್ದಾರೆ. ಕಳೆಯನ್ನೂ ಕೆಲಸಕ್ಕೆ ತರುವ ಕೈಗಳು ನಮ್ಮಲ್ಲಿವೆ.

ಸರಕಾರ ಪಾಠ ಕಲಿತಿದೆಯೇ? 2021ರಲ್ಲಿ ಕೇರಳವೇ ಪರದೇಶಿ ಮರಗಳನ್ನು ತೆಗೆದು ಸಹಜ ಕಾಡು ಮರಳಿಸುವ ನೀತಿ ತಂದಿತು. 2024ರ ಮೇ ತಿಂಗಳಲ್ಲಿ ಅದೇ ಸರಕಾರ ಅರಣ್ಯ ಅಭಿವೃದ್ಧಿ ನಿಗಮಕ್ಕೆ ನೀಲಗಿರಿ ನೆಡಲು ಅನುಮತಿ ಕೊಟ್ಟಿತು. ಜನ ಬೊಬ್ಬೆ ಹೊಡೆದ ಮೇಲೆ ಆದೇಶ ತಿದ್ದಿತು. ಬೊಬ್ಬೆ ಹೊಡೆಯದಿದ್ದರೆ?

ಸರಕಾರಕ್ಕೆ ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ಕೈ ಏನು ಶುದ್ಧವೇ? ಪ್ರತಿ ಜೂನ್ 5ಕ್ಕೆ ಶಾಲೆಗೆ ಸಸಿ ಬರುತ್ತದೆ. ಯಾವ ಸಸಿ ಎಂದು ನಾವು ಕೇಳಿದ್ದಿಲ್ಲ. ಗುಂಡಿ ತೋಡಿ, ನೆಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಸಂಖ್ಯೆ ಬರೆದು ಕಳುಹಿಸಿದರೆ ಮುಗಿಯಿತು. ನಮ್ಮ ಮುರಕಲ್ಲಿನ ಪದವುಗಳಲ್ಲಿ ಅಕೇಶಿಯಾ ನಿಂತದ್ದೂ ಹೀಗೆಯೇ. ಮಳೆಗಾಲದಲ್ಲಿ ಹುಲ್ಲು, ನೆಲಹೂ, ದನಗಳ ಮೇವು ತುಂಬುತ್ತಿದ್ದ ಪದವನ್ನು 'ಬೋಳು ಗುಡ್ಡೆ' ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ ಅಲ್ಲವೇ?

ಅದಕ್ಕೇ ಈ ಸಲ ನಮ್ಮ ಶಾಲೆಯಲ್ಲಿ ಒಂದು ತೀರ್ಮಾನ ಮಾಡಿದ್ದೇವೆ. ಸಸಿಯ ಪುಸ್ತಕದಲ್ಲಿ ಸಂಖ್ಯೆಯ ಜೊತೆ ಇನ್ನು ನಾಲ್ಕು ಕಲಂ. ಗಿಡದ ಹೆಸರೇನು? ಅದರ ಮೂಲ ಊರು ಯಾವುದು? ಇಲ್ಲಿ ಅದನ್ನು ಯಾವ ಹಕ್ಕಿ, ಯಾವ ಪ್ರಾಣಿ ತಿನ್ನುತ್ತದೆ? ಐದು ವರ್ಷ ನೋಡಿಕೊಳ್ಳುವವರು ಯಾರು? ನಾಲ್ಕಕ್ಕೂ ಉತ್ತರ ಸಿಗದ ಸಸಿಯನ್ನು ನಮಸ್ಕಾರ ಹೇಳಿ ಹಿಂದೆ ಕಳುಹಿಸುತ್ತೇವೆ. ಮೇಲಿನವರು ಕೇಳಿದರೆ ಪುಸ್ತಕ ತೋರಿಸುತ್ತೇವೆ.

ಇತರ ಶಾಲೆಗಳ ಅಧ್ಯಾಪಕ ಬಂಧುಗಳೇ, ರಕ್ಷಕ-ಶಿಕ್ಷಕ ಸಂಘದವರೇ, ನೀವೂ ಇದನ್ನು ಮಾಡಬಹುದು. ಖರ್ಚೇನೂ ಇಲ್ಲ, ಒಂದು ನೋಟ್ ಪುಸ್ತಕ ಸಾಕು. ನಲವತ್ತು ವರ್ಷದ ಹಿಂದೆ ಯಾರಾದರೂ ಇಷ್ಟು ಕೇಳಿದ್ದರೆ ತೋಲ್ಪೆಟ್ಟಿಯಲ್ಲಿ ಆ ಹುಡುಗಿಯ ಪ್ರಶ್ನೆಗೆ ನಾವು ತಲೆ ತಗ್ಗಿಸಬೇಕಾಗಿರಲಿಲ್ಲ. ನಾಳೆ ಅವಳ ಮಕ್ಕಳು ನಮ್ಮ ಗುಡ್ಡೆಗಳನ್ನು ತೋರಿಸಿ ಅದೇ ಪ್ರಶ್ನೆ ಕೇಳುವ ಹಾಗೆ ಆಗಬಾರದು.