ಇಸಿಎಂ ಬದಲಾಯಿತು, ಗಾಡಿ ಜಗ್ಗುತ್ತಿಲ್ಲ: ಪೆಟ್ರೋಲ್ ಏರಿಸುವ ಮುಂಚೆ ಸ್ವಲ್ಪ ತಡೀರಿ

ಸೊಲ್ಲಾಪುರ: 2025ರ ಸೆಪ್ಟೆಂಬರ್ ಕೊನೆಯಲ್ಲಿ ಸೀನಾ ನದಿಗೆ ಬಂದ ಮಹಾಪೂರದಲ್ಲಿ ಬೆಳೆ ಹೋಯಿತು, ದನಕರು ಹೋದವು, ಮನೆಗಳಿಗೆ ನೀರು ಹೊಕ್ಕಿತು. ಪಂಚನಾಮೆಯ ಸುದ್ದಿ, ಪರಿಹಾರದ ಸುದ್ದಿ ಎಲ್ಲ ಬಂದವು. ಅಂಗಳದಲ್ಲಿ ನಿಂತಲ್ಲೇ ನೀರು ಕುಡಿದ ಹಳೆಯ ಕಾರು, ವ್ಯಾನುಗಳ ಗೋಳು ಮಾತ್ರ ಸುದ್ದಿಯಾಗಲಿಲ್ಲ. ಬಹಳಷ್ಟು ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್, ಡ್ಯಾಶ್‌ಬೋರ್ಡ್ ಕೆಳಗೇ ಇರುತ್ತದೆ. ನೀರು ಸೀಟಿನ ಮಟ್ಟಕ್ಕೆ ಬಂದರೆ ಅದರ ಕಥೆ ಮುಗಿದಂತೆ. ಪೂರ ಬರದಿದ್ದರೂ ಇಸಿಎಂ ಸಾಯಲು ಬೇರೆ ಕಾರಣ ಬೇಕಷ್ಟಿವೆ. ಬ್ಯಾಟರಿ ಉಲ್ಟಾ ಹಚ್ಚಿದವರು, ಇಲಿ ವೈರ್ ಕಡಿಸಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ.

ನಮ್ಮ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಹತ್ತು-ಹದಿನೈದು ವರ್ಷ ಓಡಿದ ಗಾಡಿಗೆ ಹೊಸ ಇಸಿಎಂ ಹಾಕಿಸುವವರು ಅಪರೂಪ. ಗಾಡಿಯ ಈಗಿನ ಕಿಮ್ಮತ್ತಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಹೀಗಾಗಿ ಉಳಿಯುವ ದಾರಿ ಗುಜರಿ ಅಂಗಡಿ. ಮರಾಠಿಯಲ್ಲಿ ಗುಜರಿಗೆ ಭಂಗಾರ ಅಂತಾರೆ. ಕನ್ನಡದ ಕಿವಿಗೆ ಅದು ಬಂಗಾರ ಅಂತಲೇ ಕೇಳಿಸುತ್ತದೆ. ಇಸಿಎಂ ದರ ಕೇಳಿದ ಮೇಲೆ ಎರಡಕ್ಕೂ ಫರಕ್ ಇಲ್ಲ ಅನಿಸುವುದೂ ಉಂಟು.

ಗುಜರಿಯ ಇಸಿಎಂ ಕೂರಿಸಿ, ಚಾವಿಯ ಇಮೊಬಿಲೈಜರ್ ಹೊಂದಿಸಿ ಸೆಲ್ಫ್ ಹೊಡೆದರೆ ಗಾಡಿ ಚಾಲೂ ಆಗುತ್ತದೆ. ಮಾಲೀಕನಿಗೆ ಖುಷಿ. ನಾಲ್ಕು ದಿನ ಬಿಟ್ಟು ಚೆಕ್ ಲೈಟ್ ಹತ್ತುತ್ತದೆ. ಏರಿಗೆ ದಮ್ ಇಲ್ಲ, ಎಕ್ಸಲೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಓಡುತ್ತದೆ. ಸ್ಕ್ಯಾನರ್ ಹಚ್ಚಿದರೆ ಪಿ0171 ಎಂಬ ಕೋಡ್. ಮಿಶ್ರಣ ಲೀನ್, ಅಂದರೆ ತೆಳು. ಹವಾ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ.

ತಪ್ಪು ದಾರಿ ಶುರುವಾಗುವುದೇ ಇಲ್ಲಿಂದ. "ಪೆಟ್ರೋಲ್ ಕಡಿಮಿ ಬೀಳಾಕತ್ತೈತಿ, ಹೆಚ್ಚು ಮಾಡಿದ್ರಾತು" ಎಂದು ಲ್ಯಾಪ್‌ಟಾಪ್ ಹಚ್ಚಿ ಇಸಿಎಂನ ಮ್ಯಾಪಿನಲ್ಲಿ ಶೇಕಡ ಹತ್ತೋ ಹದಿನೈದೋ ಏರಿಸಿಬಿಡುತ್ತಾರೆ. ಲೈಟ್ ಆರುತ್ತದೆ, ದುಡ್ಡು ಎಣಿಸಿಕೊಂಡು ಮುಗಿಯಿತು. ಇದಕ್ಕೆ ಟ್ಯೂನಿಂಗ್ ಅನ್ನುವ ಹೆಸರು ಬೇರೆ. ಇದು ಟ್ಯೂನಿಂಗ್ ಅಲ್ಲ, ರೋಗ ಮುಚ್ಚಿಡುವ ಕೆಲಸ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕಾರಣ ಕೇಳಿ. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್‌ಗೆ ಪೆಟ್ರೋಲ್ ಗೊತ್ತೇ ಇಲ್ಲ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಹಳೆಯ ಗಾಡಿಗಳ ಸಾದಾ ಸೆನ್ಸರ್ 0.45 ವೋಲ್ಟಿಗಿಂತ ಕೆಳಗೆ ತೋರಿಸಿದರೆ ಲೀನ್, ಮೇಲೆ ತೋರಿಸಿದರೆ ರಿಚ್. ಆ ಆಮ್ಲಜನಕ ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ. ಪ್ಲಗ್ ಮಿಸ್ ಹೊಡೆದರೆ ಉರಿಯದ ಹವಾ ಹಾಗೇ ಹೊರಬೀಳುತ್ತದೆ, ಸೆನ್ಸರ್ ಲೀನ್ ಅನ್ನುತ್ತದೆ. ಸೆನ್ಸರ್‌ಗಿಂತ ಮುಂಚೆ ಪೈಪಿನ ಗ್ಯಾಸ್ಕೆಟ್ ಒಡೆದಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಆಗಲೂ ಲೀನ್. ಇಂಥ ಗಾಡಿಗೆ ಇನ್ನಷ್ಟು ಪೆಟ್ರೋಲ್ ಸುರಿದರೆ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಎಣ್ಣೆಗೆ ಪೆಟ್ರೋಲ್ ಬೆರೆಯುತ್ತದೆ. ಪಿಯುಸಿ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಂದು, ಸ್ಕ್ಯಾನರ್ ಮಾತ್ರ ಲೀನ್ ಎನ್ನುತ್ತಿದ್ದರೆ, ಇದೇ ಸುಳ್ಳು ಲೀನ್ ಎಂದು ಸಂಶಯ ಪಡಬೇಕು.

ನಾನು ಬಿ.ಕಾಂ. ಓದಿದವ, ಪಾನಾ ಹಿಡಿಯುವವನಲ್ಲ. ಆದರೆ ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಅಂಕಿ ನೋಡಿದಾಗ ನಮ್ಮ ಕೀರ್ದಿ-ಖತಾವಣಿಯೇ ಕಣ್ಣಿಗೆ ಬಂತು. ಶಾರ್ಟ್ ಟರ್ಮ್ ಟ್ರಿಮ್ ಎಂದರೆ ಕೀರ್ದಿ, ಆ ಕ್ಷಣದ ಲೆಕ್ಕ. ಲಾಂಗ್ ಟರ್ಮ್ ಎಂದರೆ ಖತಾವಣಿ, ಕೂಡುತ್ತ ಬಂದ ಬಾಕಿ. ಪ್ಲಸ್ ಅಂಕಿ ಅಂದರೆ ಇಸಿಎಂ ತನ್ನ ಲೆಕ್ಕಕ್ಕಿಂತ ಅಷ್ಟು ಶೇಕಡ ಹೆಚ್ಚು ಪೆಟ್ರೋಲ್ ಹಾಕುತ್ತಿದೆ ಎಂದರ್ಥ. ಸಾಮಾನ್ಯವಾಗಿ ಹತ್ತರ ಒಳಗಿದ್ದರೆ ಚಿಂತೆ ಇಲ್ಲ, ಇಪ್ಪತ್ತು-ಇಪ್ಪತ್ತೈದು ದಾಟಿದರೆ ಲೈಟ್ ಹತ್ತುತ್ತದೆ. ಮ್ಯಾಪ್ ಏರಿಸಿ ಈ ಬಾಕಿಯನ್ನು ಸೊನ್ನೆ ಮಾಡುವುದು ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿದಂತೆ. ತಾಳೆಪಟ್ಟಿ ಕೂಡಿತು, ದುಡ್ಡು ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ.

ಅದೇ ಅಂಕಿಯನ್ನು ಮೂರು ಕಡೆ ನೋಡಿದರೆ ಅರ್ಧ ರೋಗ ತಾನೇ ಬಾಯಿ ಬಿಡುತ್ತದೆ: ನಿಂತಲ್ಲಿ ಐಡಲ್‌ನಲ್ಲಿ, 2500 ಆರ್‌ಪಿಎಂನಲ್ಲಿ, ಭಾರ ಹಾಕಿ ಏರು ಹತ್ತಿಸುವಾಗ. ಐಡಲ್‌ನಲ್ಲಿ ಪ್ಲಸ್ ಜಾಸ್ತಿ ಇದ್ದು 2500ಕ್ಕೆ ಇಳಿದರೆ ಎಲ್ಲೋ ಕಳ್ಳ ಹವಾ ಹೊಗುತ್ತಿದೆ. ಇನ್‌ಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್ ನೋಡಬೇಕು. ಇಲ್ಲೊಂದು ಗುಟ್ಟಿದೆ. ನಮ್ಮ ಕಡೆ ಓಡುವ ಬಹಳಷ್ಟು ಸಣ್ಣ ಕಾರುಗಳು ಹವಾ ತೂಗುವುದಿಲ್ಲ, ಮ್ಯಾಪ್ ಸೆನ್ಸರ್ ಎಂಬುದರಿಂದ ಒತ್ತಡ ಅಳೆಯುತ್ತವೆ. (ಇದು ಲ್ಯಾಪ್‌ಟಾಪಿನ ಮ್ಯಾಪ್ ಅಲ್ಲ, ಹೆಸರಷ್ಟೇ ಒಂದು.) ಅಂಥವುಗಳಲ್ಲಿ ಹವಾ ಸೋರಿದರೆ ಲೀನ್‌ಗಿಂತ ಮೊದಲು ಐಡಲ್ ಏರಿ ಎಂಜಿನ್ ಚೀರುತ್ತದೆ. ಇದು ಗೊತ್ತಿಲ್ಲದೆ ಸೋರಿಕೆ ಹುಡುಕುತ್ತ ದಿನ ಕಳೆಯುವ ಮಿಸ್ತ್ರಿಗಳಿದ್ದಾರೆ.

ಐಡಲ್‌ನಲ್ಲಿ ಸರಿ ಇದ್ದು ಭಾರ ಬಿದ್ದಾಗ ಪ್ಲಸ್ ಏರಿದರೆ ಪೆಟ್ರೋಲೇ ಸಾಲುತ್ತಿಲ್ಲ. ಪಂಪ್ ಬಳಲಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಪೂರದ ನೀರು, ರಾಡಿ ಟ್ಯಾಂಕಿಗೆ ಹೋಗಿದ್ದರೆ ಮೊದಲ ಸಂಶಯ ಇದೇ. ಗೇಜ್ ಹಚ್ಚಿ ಒತ್ತಡ ನೋಡಲು ಹತ್ತು ನಿಮಿಷ ಸಾಕು. 3 ಬಾರ್ ಇರಬೇಕಾದಲ್ಲಿ 2.4 ಇದ್ದರೆ ಇಂಜೆಕ್ಟರಿನಿಂದ ಬೀಳುವ ಪೆಟ್ರೋಲ್ ಸುಮಾರು 10 ಶೇಕಡ ಕಡಿಮೆಯಾಗುತ್ತದೆ.

ಮೂರೂ ಕಡೆ ಒಂದೇ ಸಮ ಪ್ಲಸ್ ಇದ್ದರೆ? ಆಗ ಗುಜರಿಯಿಂದ ತಂದ ಇಸಿಎಂ ಮೇಲೆಯೇ ಸಂಶಯ ಬರಬೇಕು. ಒಂದೇ ಕಂಪನಿ, ಒಂದೇ ಮಾದರಿ, ಸಾಕೆಟ್ ಕೂಡ ಒಂದೇ; ಆದರೂ ಆ ಇಸಿಎಂ ಬೇರೆ ವರ್ಷದ, ದೊಡ್ಡ ಇಂಜೆಕ್ಟರಿನ ಎಂಜಿನ್ನಿಗೆ ಬರೆದದ್ದಾಗಿರಬಹುದು. ದೊಡ್ಡ ನಳ ಇದೆಯೆಂದು ತಿಳಿದು ಅದು ಕಡಿಮೆ ಹೊತ್ತು ತೆರೆಯುತ್ತದೆ, ಇಲ್ಲಿರುವುದು ಸಣ್ಣ ನಳ. ಇಂಥಲ್ಲಿ ಮಾತ್ರ ಇಂಜೆಕ್ಟರಿನ ನಿಜವಾದ ಅಳತೆ ನೋಡಿ ಲೆಕ್ಕ ತಿದ್ದುವುದಕ್ಕೆ ನನ್ನ ತಕರಾರು ಇಲ್ಲ. ಮುಂಜಾನೆ ತಣ್ಣಗಿನ ಎಂಜಿನ್ನಿಗೆ ಚಾವಿ ತಿರುವಿ, ಚಾಲೂ ಮಾಡದೇ, ಸ್ಕ್ಯಾನರಿನಲ್ಲಿ ನೀರಿನ ಉಷ್ಣತೆ, ಹವಾದ ಉಷ್ಣತೆ ಎರಡನ್ನೂ ನೋಡಬೇಕು. ಎರಡೂ ಹೊರಗಿನ ಚಳಿಗೆ ಸರಿಹೊಂದಬೇಕು. ನೀರಿನದ್ದು 60 ಡಿಗ್ರಿ ತೋರಿಸಿತೆಂದರೆ ಎಂಜಿನ್ ಕಾದಿದೆ ಎಂದು ಮೋಸಹೋಗಿ ಇಸಿಎಂ ಪೆಟ್ರೋಲ್ ಕಡಿತ ಮಾಡುತ್ತದೆ. ಅರ್ಥಿಂಗ್ ಬೋಲ್ಟನ್ನೂ ಬಿಚ್ಚಿ ಉಜ್ಜಬೇಕು. ನೀರಲ್ಲಿ ನಿಂತ ಗಾಡಿಯಲ್ಲಿ ಅದರ ಬುಡಕ್ಕೆ ಜಂಗು ಹಿಡಿಯದೇ ಇರುವುದಿಲ್ಲ. ವೋಲ್ಟೇಜ್ ಬಿದ್ದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ.

ಇದರ ಮೇಲೆ ಈಗ ಇ20. ನಮ್ಮ ಜಿಲ್ಲೆಯ ಕಬ್ಬು ಎಥೆನಾಲ್ ಆಗಿ ನಮ್ಮದೇ ಟ್ಯಾಂಕಿಗೆ ವಾಪಸ್ ಬರುತ್ತಿದೆ, ಅದಕ್ಕೆ ನಾನು ವಿರೋಧಿ ಅಲ್ಲ. ನಮ್ಮ ಸಂಬಂಧಿಕರೂ ಕಬ್ಬು ಬೆಳೆಯುವವರೇ. ಆದರೆ ಲೆಕ್ಕ ಗೊತ್ತಿರಲಿ. 1 ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಹವಾ ಬೇಕು, ಎಥೆನಾಲ್‌ಗೆ 9 ಸಾಕು, ಇ20ಗೆ ಸುಮಾರು 13.5. ಹಳೆಯ ಇಸಿಎಂ ಹಳೆಯ ಲೆಕ್ಕದಲ್ಲೇ ಹಾಕಿದರೆ ಮಿಶ್ರಣ ತೆಳುವಾಗುವುದು ಸಹಜ. ಟ್ರಿಮ್‌ನಲ್ಲಿ ಕೆಲವು ಶೇಕಡ ಪ್ಲಸ್ ಕಂಡರೆ ಅದು ರೋಗವಲ್ಲ. ಅದಕ್ಕಾಗಿ ಸೆನ್ಸರ್ ಬದಲಿಸಲು ಹೇಳಿದರೆ ಬೇಡ ಅನ್ನಿ. ಇಪ್ಪತ್ತೈದು ತೋರಿಸುತ್ತಿದ್ದರೆ ಎಲ್ಲದಕ್ಕೂ ಇ20 ಕಾರಣ ಎಂದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ.

ಲೀನ್ ಇದ್ದರೂ ಗಾಡಿ ಓಡ್ತದಲ್ಲ ಎಂದು ಸುಮ್ಮನಿರುವವರೂ ಇದ್ದಾರೆ. ಸಪಾಟ ರಸ್ತೆಯಲ್ಲಿ ಓಡುತ್ತದೆ. ಮನೆಮಂದಿಯೆಲ್ಲ ಕೂತು, ಏಸಿ ಹಾಕಿ ತುಳಜಾಪುರದ ಘಾಟ್ ಹತ್ತುವಾಗ ಹೆಚ್ಚಿನ ಪೆಟ್ರೋಲೇ ಎಂಜಿನ್ನಿನ ಒಳಗಿನ ತಂಪು. ಅದು ಸಿಗದಿದ್ದರೆ ಕಟಕಟ ಅಂತ ನಾಕಿಂಗ್ ಶುರುವಾಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಪಿಸ್ಟನ್ ತೂತು ಬೀಳುವುದೂ ಉಂಟು. ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವವನ ಮನೆಗೆ ಆ ಖರ್ಚು ಒಂದು ಹಂಗಾಮಿನ ದುಡಿಮೆ.

ಇಷ್ಟೆಲ್ಲ ಹುಡುಕಲು ಒಂದೆರಡು ತಾಸು ಬೇಕು. ಮಿಸ್ತ್ರಿಗಳನ್ನೇ ಬೈದು ಪ್ರಯೋಜನವಿಲ್ಲ, ಆ ತಾಸಿಗೆ ನಾವು ಕೂಲಿ ಕೊಡುವುದಿಲ್ಲ. ಬರೀ ಹುಡುಕಿದ್ದಕ್ಕೆ ಐನೂರು ಕೇಳಿದರೆ "ಏನ್ ಸಾಮಾನ್ ಹಾಕೀಯೋ ಅದಕ್ಕ?" ಅಂತೀವಿ. ಎರಡು ಸಾವಿರದ ಸೆನ್ಸರ್ ಹಾಕಿ ಹಳೆಯದನ್ನು ಕೈಯಲ್ಲಿಟ್ಟರೆ ಪಿಟ್ಟೆನ್ನದೆ ಎಣಿಸಿ ಕೊಡ್ತೀವಿ. ಹೀಗಿದ್ದಾಗ ಅವನು ಹುಡುಕುವ ಬದಲು ಸಾಮಾನು ಹಾಕುತ್ತಾನೆ, ಇಲ್ಲವೇ ಲ್ಯಾಪ್‌ಟಾಪಿನವನನ್ನು ಕರೆಸುತ್ತಾನೆ.

ಇನ್ನೊಂದು ಮಾತು. ಗಡಿಭಾಗದ ಕನ್ನಡ ಶಾಲೆಯಲ್ಲಿ ಹತ್ತನೇ ಮುಗಿಸಿದ ಹುಡುಗ ಐಟಿಐಗೆ ಹೋದರೆ ಪಾಠ ಮರಾಠಿ, ಪುಸ್ತಕ ಇಂಗ್ಲಿಷ್, ಸ್ಕ್ಯಾನರ್ ಕೂಡ ಇಂಗ್ಲಿಷ್. ಕೈಚಳಕ ಇದ್ದರೂ ಆ ಅಂಕಿಗಳ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಗಡಿಭಾಗದ ಸಂಘ-ಸಂಸ್ಥೆಗಳು ವರ್ಷಕ್ಕೊಂದು ಸನ್ಮಾನ ಸಮಾರಂಭ ಕಡಿಮೆ ಮಾಡಿ, ಟ್ರಿಮ್, ಒತ್ತಡ, ಉಷ್ಣತೆಗಳ ಒಂದು ತಖ್ತೆಯನ್ನು ಕನ್ನಡ-ಮರಾಠಿ ಎರಡರಲ್ಲೂ ಅಚ್ಚು ಹಾಕಿಸಿ ಗ್ಯಾರೇಜುಗಳ ಗೋಡೆಗೆ ಹಚ್ಚಿದರೆ ಬೇಡ ಅನ್ನುವವರು ಯಾರು?

ಗ್ರಾಹಕರು ಬಿಲ್ಲಿನ ಮೇಲೆ ನಾಲ್ಕು ಅಂಕಿ ಬರೆಸಿಕೊಳ್ಳಬೇಕು: ಹಳೆಯ ಇಸಿಎಂ ನಂಬರ್, ಹೊಸತರ ನಂಬರ್, ಪೆಟ್ರೋಲ್ ಒತ್ತಡ, ಐಡಲ್ ಮತ್ತು 2500ರಲ್ಲಿ ಟ್ರಿಮ್. ಗುಜರಿಯವರು ಇಸಿಎಂ ಮೇಲಿನ ಸ್ಟಿಕರ್ ಕಿತ್ತು ಮಾರುವುದನ್ನು ನಿಲ್ಲಿಸಬೇಕು. ನೀರು ಕುಡಿದ ಹಳೆಯ ಡಬ್ಬಿಯನ್ನು ಎಸೆಯುವ ಮೊದಲು ಅದರ ಸ್ಟಿಕರಿನ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಅಂಗಡಿಗೆ ಹೋಗ್ರಿ. ನಂಬರ್ ಕೂಡದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.